ಎಳೆಗೂಸಿಗೆ ಕಾಮಾಲೆ ಬಂದರೆ ಬಿಸಿಲಿಗೆ ಹಿಡಿದು ಕಾಯಬೇಡಿ

37 ವಾರಕ್ಕೆ ಹುಟ್ಟಿದ ಗಂಡು ಮಗು, ತೂಕ 2.6 ಕೆ.ಜಿ. ಹುಟ್ಟಿದಾಗ ಚೆನ್ನಾಗಿಯೇ ಅತ್ತಿತ್ತು. ಅಮಾವಾಸ್ಯೆ ಹತ್ತಿರ ಬಂತೆಂದು ಮನೆಯವರು ಮರುದಿನವೇ ಡಿಸ್ಚಾರ್ಜ್ ಕೇಳಿದರು. ಆಸ್ಪತ್ರೆಯವರೂ ತಡೆಯಲಿಲ್ಲ, ಮತ್ತೆ ಯಾವಾಗ ತೋರಿಸಬೇಕೆಂದು ಚೀಟಿಯಲ್ಲಿ ಬರೆದುಕೊಡಲಿಲ್ಲ. ತಾಯಿಯ ರಕ್ತ ಓ ಪಾಸಿಟಿವ್; ಮಗುವಿನ ಗುಂಪನ್ನು ಯಾರೂ ನೋಡಿರಲಿಲ್ಲ. ಮೂರನೇ ದಿನ ಮುಖ ಹಳದಿಯಾಯಿತು. ಫೋನ್ ಮಾಡಿದರೆ, "ಎಲ್ಲ ಮಕ್ಕಳಿಗೂ ಬರುತ್ತೆ, ಬೆಳಿಗ್ಗೆ ಎಳೆಬಿಸಿಲಿಗೆ ಹಿಡೀರಿ" ಎಂಬ ಉತ್ತರ. ಹಿಡಿದರು. ಐದನೇ ದಿನ ಹಾಲಿಗೂ ಏಳದೆ ಮಲಗಿತ್ತು. "ಪಾಪ, ಹಠಾನೇ ಮಾಡಲ್ಲ" ಎಂದು ಮನೆಮಂದಿ ಖುಷಿಪಟ್ಟರು. ಆರನೇ ದಿನ ರಾತ್ರಿ ಕೀರಲು ದನಿಯ ಅಳು ಶುರುವಾಗಿ, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ಆಗ ನವಜಾತ ಶಿಶು ಘಟಕಕ್ಕೆ ತಂದರು. ಮೈ ಹಳದಿ ಮಾಡುವ ಬಿಲಿರುಬಿನ್ ರಕ್ತದ ಪ್ರತಿ ಡೆಸಿಲೀಟರಿಗೆ 31 ಮಿ.ಗ್ರಾಂ ಇತ್ತು.

ಹೊಕ್ಕುಳಿನ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕಿ, ಸಿರಿಂಜಿನಲ್ಲಿ ಸ್ವಲ್ಪಸ್ವಲ್ಪವೇ ರಕ್ತ ತೆಗೆಯುತ್ತ, ಅಷ್ಟೇ ಹೊಸ ರಕ್ತ ಕೊಡುತ್ತ, ಸುಮಾರು 400 ಮಿ.ಲೀ. ಬದಲಿಸಬೇಕಾಯಿತು. ಜೀವ ಉಳಿಯಿತು. ಆದರೆ ಕಿವಿ ಕೇಳುವುದಿಲ್ಲ, ಕೈಕಾಲು ಹಿಡಿತಕ್ಕೆ ಬರುತ್ತಿಲ್ಲ. ನಾಲ್ಕನೇ ದಿನ ಒಂದು ರಕ್ತಪರೀಕ್ಷೆ ಆಗಿದ್ದರೆ, ಒಂದೆರಡು ದಿನ ಲೈಟ್ ಕೆಳಗೆ ಇಟ್ಟು ಆರೋಗ್ಯವಾಗಿ ಮನೆಗೆ ಕಳಿಸಬಹುದಾಗಿದ್ದ ಮಗು ಇದು.

ಎಲ್ಲ ಮಕ್ಕಳಿಗಲ್ಲದಿದ್ದರೂ ಬಹುಪಾಲು ಮಕ್ಕಳಿಗೆ ಸ್ವಲ್ಪ ಹಳದಿ ಬರುವುದು ನಿಜ, ಮೋಸವಾಗುವುದೂ ಅಲ್ಲೇ. ಹೊಟ್ಟೆಯೊಳಗಿದ್ದಾಗ ಮಗುವಿಗೆ ಕೆಂಪು ರಕ್ತಕಣ ಹೆಚ್ಚು. ಹುಟ್ಟಿದ ಮೇಲೆ ಅವು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಬರುತ್ತದೆ. ಅದನ್ನು ಹೊರಹಾಕಲು ಎಳೆಯ ಲಿವರ್ ಇನ್ನೂ ಪಳಗಿರುವುದಿಲ್ಲ. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಮೂರರಿಂದ ಐದನೇ ದಿನಕ್ಕೆ ಇದು ತುತ್ತತುದಿ ಮುಟ್ಟಿ ಇಳಿಯುತ್ತದೆ. ಬೇಗ ಡಿಸ್ಚಾರ್ಜ್ ಆದವರು ಮನೆಯಲ್ಲಿರುವುದು ಸರಿಯಾಗಿ ಆ ದಿನಗಳಲ್ಲೇ. ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲಿರಿ ಎನ್ನುವುದಕ್ಕೆ ಇದೂ ಒಂದು ಕಾರಣ. ಅಮಾವಾಸ್ಯೆ, ರಾಹುಕಾಲ ಇದ್ದರೆ ಒಂದು ದಿನ ತಡವಾಗಿ ಹೊರಡಿ, ಮುಂಚೆ ಬೇಡ.

ಮಗುವಿನ ಮೊದಲ ಕಪ್ಪು ಕಕ್ಕದಲ್ಲೂ ಬಿಲಿರುಬಿನ್ ತುಂಬಿರುತ್ತದೆ. ಅದು ಬೇಗ ಹೊರಬರದಿದ್ದರೆ ಕರುಳಿನಿಂದ ಮತ್ತೆ ರಕ್ತಕ್ಕೇ ಸೇರುತ್ತದೆ. ಹೊರಗೆ ತಳ್ಳುವುದು ಗಿಣ್ಣುಹಾಲು. ಅದನ್ನು ಹಿಂಡಿ ಚೆಲ್ಲಿ ಸಕ್ಕರೆ ನೀರು, ಜೇನುತುಪ್ಪ, ಬಜೆ ತೇಯ್ದು ನೆಕ್ಕಿಸಿದರೆ ಮಗುವಿನ ಹೊಟ್ಟೆ ತುಂಬಿದಂತಾಗಿ ಮೊಲೆ ಚೀಪುವುದು ಕಡಿಮೆಯಾಗುತ್ತದೆ, ಕಾಮಾಲೆ ಏರುತ್ತದೆ. ದಿನಕ್ಕೆ 8ರಿಂದ 12 ಸಲ ಎದೆಹಾಲು ಕೊಡಿ, ಮಲಗಿದ್ದರೆ ಎಬ್ಬಿಸಿ ಕೊಡಿ. ಐದನೇ ದಿನದ ಹೊತ್ತಿಗೆ ಕಕ್ಕ ಹಳದಿಗೆ ತಿರುಗಿರಬೇಕು, ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಬೇಕು. ಹುಟ್ಟುತೂಕದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದಿದ್ದರೆ ಹಾಲು ಸಾಲುತ್ತಿಲ್ಲ ಎಂದೇ ಲೆಕ್ಕ.

ಬಿಸಿಲಿನ ಸಲಹೆಗೆ ಒಂದು ಮೂಲವಿದೆ. 1956ರ ಸುಮಾರಿಗೆ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬುವರು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಚರ್ಮದ ಹಳದಿ ಮಾಸಿದ್ದನ್ನು ಅವರು ಕಂಡರು. ಅದರಿಂದ ಹುಟ್ಟಿದ್ದೇ ಇಂದಿನ ಫೋಟೊಥೆರಪಿ, ಅಂದರೆ ಲೈಟ್ ಕೆಳಗೆ ಇಡುವ ಚಿಕಿತ್ಸೆ. ಬಿಲಿರುಬಿನ್ ಅನ್ನು ಕರಗುವಂತೆ ಮಾಡುವುದು 460ರಿಂದ 490 ನ್ಯಾನೊಮೀಟರಿನ ನೀಲಿ ಬೆಳಕು. ಯಂತ್ರ ಅದನ್ನು ಅಳತೆ ಪ್ರಕಾರ, ಬರಿಮೈ ಮೇಲೆ, ಹಗಲುರಾತ್ರಿ ಕೊಡುತ್ತದೆ. ಬಾಗಿಲ ಬಳಿ ಬಟ್ಟೆ ಸುತ್ತಿ ಹತ್ತು ನಿಮಿಷ ಹಿಡಿದರೆ ಮುಖಕ್ಕಷ್ಟೇ ಬೆಳಕು ಬೀಳುತ್ತದೆ. ಬಟ್ಟೆ ಬಿಚ್ಚಿ ಹೆಚ್ಚು ಹೊತ್ತು ಹಿಡಿದರೆ ಮೈ ತಣ್ಣಗಾಗುತ್ತದೆ, ಇಲ್ಲವೇ ಚರ್ಮ ಸುಡುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟ ಎಂದರೆ ಏನೋ ಮಾಡುತ್ತಿದ್ದೇವೆ ಎಂಬ ಸಮಾಧಾನದಲ್ಲಿ ಎರಡು ದಿನ ಕಳೆದುಹೋಗುತ್ತದೆ.

ಕಣ್ಣಳತೆ ನಂಬಬೇಡಿ, ನಮ್ಮ ಮೈಬಣ್ಣದಲ್ಲಿ ಅದು ಇನ್ನೂ ಕಷ್ಟ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಮಂದ ಬಲ್ಬ್ ಹಾಕಿ, ಮಗುವಿಗೆ ಅರಿಶಿನ ಹಚ್ಚಿ ಎರೆದರೆ ಹಳದಿ ಕಾಣುವುದಾದರೂ ಹೇಗೆ? ಅರಿಶಿನ ನಿಲ್ಲಿಸಿ. ಹಗಲು ಕಿಟಕಿ ಪಕ್ಕ ಎದೆಮೂಳೆಯ ಮೇಲೆ ಬೆರಳೊತ್ತಿ ಬಿಟ್ಟು, ಬಿಳಿಚಿದ ಜಾಗದ ಬಣ್ಣ ನೋಡಿ. ಹಳದಿ ಮುಖದಿಂದ ಕೆಳಗಿಳಿಯುತ್ತದೆ. ಅಂಗೈ ಅಂಗಾಲಿಗೆ ಬಂದಿದ್ದರೆ ಅಂದೇ ಹೊರಡಿ. ಮುಖದಲ್ಲಷ್ಟೇ ಇದ್ದರೂ ಪರೀಕ್ಷೆ ಮಾಡಿಸಿ. ವರದಿ ಓದುವಾಗ ಮಗುವಿನ ವಯಸ್ಸು ಗಂಟೆಯಲ್ಲಿ ಬೇಕು: 24 ಗಂಟೆಗೆ 8 ಇದ್ದರೆ ಚಿಂತೆಯ ವಿಷಯ, ಐದನೇ ದಿನ ಅದೇ 8 ಸಾಮಾನ್ಯ. ಮೊದಲ 24 ಗಂಟೆಯೊಳಗೆ ಹಳದಿ ಕಂಡರೆ ಅದು ಯಾವತ್ತೂ ಸಹಜವಲ್ಲ.

ಮಂಪರು, ಹಾಲು ಬಿಡುವುದು, ಮೈ ಜೋತುಬೀಳುವುದು ಬಿಲಿರುಬಿನ್ ಮಿದುಳಿಗೆ ತಗಲುತ್ತಿರುವ ಮೊದಲ ಸೂಚನೆ. ಕೀರಲು ಅಳು, ಬೆನ್ನು ಬಾಗುವುದು ಅದರ ನಂತರದ್ದು. ಆಗ ಗಂಟೆಗಳೇ ಲೆಕ್ಕ, 108ಕ್ಕೆ ಕರೆ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಎಳೆಗೂಸಿನ ಚಿಕಿತ್ಸೆ ಉಚಿತ. ಬರೆ ಹಾಕುವವರ ಬಳಿ, ನಾಟಿ ಮದ್ದಿನವರ ಬಳಿ ದಯವಿಟ್ಟು ಹೋಗಬೇಡಿ.

ಲೈಟ್ ಕೆಳಗೆ ಇಟ್ಟ ಮೇಲೂ ಒಂದು ತಪ್ಪು ನಡೆಯುತ್ತದೆ. ಬೆಳಕಿಗೆ ಚರ್ಮದ ಬಣ್ಣ ಬೇಗ ತಿಳಿಯಾಗುತ್ತದೆ, ರಕ್ತದಲ್ಲಿ ಬಿಲಿರುಬಿನ್ ಇನ್ನೂ ಇರುತ್ತದೆ. "ಬೆಳ್ಳಗಾಯ್ತಲ್ಲ" ಎಂದು ಎತ್ತಿಕೊಂಡು ಹೋಗಬೇಡಿ. ಕಣ್ಣಿನ ಪಟ್ಟಿ ಜಾರದಂತೆ ನೋಡಿಕೊಳ್ಳಿ, ಎರಡು ಮೂರು ಗಂಟೆಗೊಮ್ಮೆ ಹಾಲು ಕೊಡಿ.

ತಾಯಿ ಓ ಗುಂಪು ಅಥವಾ ನೆಗೆಟಿವ್ ಆಗಿದ್ದರೆ, 38 ವಾರದೊಳಗೆ ಹೆರಿಗೆಯಾದರೆ, ವ್ಯಾಕ್ಯೂಮ್ ಹಾಕಿ ತಲೆಯಲ್ಲಿ ರಕ್ತಗಟ್ಟಿದ್ದರೆ, ಅಣ್ಣನಿಗೋ ಅಕ್ಕನಿಗೋ ಲೈಟ್ ಇಟ್ಟಿದ್ದರೆ ಹೆಚ್ಚು ನಿಗಾ ಬೇಕು. ನೆಗೆಟಿವ್ ತಾಯಿಗೆ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಲೇಬೇಕು. ಅದು ಕಾಯುವುದು ಮುಂದಿನ ಮಗುವನ್ನು. ಇನ್ನೊಂದು, ಹೊಸ ಕೂಸಿಗೆ ಹಳೆ ಬಟ್ಟೆ ಹಾಕುವ ಪದ್ಧತಿಯಿದೆಯಲ್ಲ, ಟ್ರಂಕಿನಲ್ಲಿ ನುಸಿಗುಳಿಗೆ ಜೊತೆ ಇಟ್ಟ ಬಟ್ಟೆ ಹಾಕಬೇಡಿ. ಜಿ6ಪಿಡಿ ಎಂಬ ಕಿಣ್ವ ಕಡಿಮೆಯಿರುವ ಮಗುವಾದರೆ ಆ ವಾಸನೆಯಿಂದಲೇ ರಕ್ತಕಣ ಒಡೆಯುತ್ತವೆ.

14 ದಿನ ಕಳೆದರೂ ಹಳದಿ ಹೋಗದಿದ್ದರೆ ನೇರ (ಡೈರೆಕ್ಟ್) ಬಿಲಿರುಬಿನ್ ಎಷ್ಟೆಂದು ಬೇರೆಯಾಗಿ ಪರೀಕ್ಷಿಸಿ ಎಂದು ಕೇಳಿ. ಕಕ್ಕ ಸುಣ್ಣದ ಬಣ್ಣಕ್ಕಿದ್ದರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಮಾಡುತ್ತಿದ್ದರೆ ಪಿತ್ತನಾಳ ಮುಚ್ಚಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಹೆಚ್ಚು, ಬಾಣಂತನ ಮುಗಿಯಲಿ ಎಂದು ಕಾಯುವಷ್ಟು ಸಮಯ ಅಲ್ಲಿರುವುದಿಲ್ಲ.