ಶಿವಾಜಿನಗರದ ಗುಜರಿಯಲ್ಲಿ ಫ್ರಿಜ್ ಕಂಪ್ರೆಸರ್

ಮನೆಯ ವರ್ಕ್‌ಶಾಪಿಗೆ ತಾವೇ ಏರ್ ಕಂಪ್ರೆಸರ್ ಕಟ್ಟಿಕೊಳ್ಳಬೇಕೆನ್ನುವವರಿಗೆ ಶಿವಾಜಿನಗರದ ಈ ಗುಜರಿ ಅಂಗಡಿಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಗಾಳಿ ತುಂಬುವ ಪಂಪಾಗಿ ಬಳಸುವ ಹಳೆಯ ಫ್ರಿಜ್ಜಿನ ಕಂಪ್ರೆಸರನ್ನು ಮಾರುವ ಮುನ್ನ ಮಾಲೀಕರು ಅದಕ್ಕೆ ಕರೆಂಟ್ ಕೊಟ್ಟು, ಗಾಳಿ ಹೊರಬರುವ ತಾಮ್ರದ ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಹಿಡಿದು, ಎಣ್ಣೆ ಎಷ್ಟು ಉಗುಳುತ್ತದೆಂದು ತೋರಿಸುತ್ತಾರೆ. ಸ್ಪ್ರೇ ಪೇಂಟಿಂಗ್ ಮಾಡುವವರಿಗೆ ಇದು ಬಹಳ ಮುಖ್ಯ, ಏಕೆಂದರೆ ಗಾಳಿಯೊಡನೆ ಬಂದ ಎಣ್ಣೆಯ ಹನಿ ಬಣ್ಣವನ್ನು ಕೆಡಿಸುತ್ತದೆ. ಒತ್ತಡ ಸಾಕಾದಾಗ ಕಂಪ್ರೆಸರನ್ನು ತಾನೇ ನಿಲ್ಲಿಸುವ ಪ್ರೆಶರ್ ಸ್ವಿಚ್, ಒತ್ತಡ ತೋರಿಸುವ ಗೇಜುಗಳೂ ಸಿಗುತ್ತವೆ. ಗಾಳಿ ತುಂಬಿಡುವ ಟ್ಯಾಂಕನ್ನು ಮಾತ್ರ ಗುಜರಿಯಲ್ಲಿ ಕೊಳ್ಳಬೇಡಿ: ಹೊರಗೆ ಹೊಳೆಯುವ ಸಿಲಿಂಡರ್ ಒಳಗೆ ತುಕ್ಕು ಹಿಡಿದಿದ್ದರೆ ಒತ್ತಡಕ್ಕೆ ಸಿಡಿಯಬಹುದು, ಆದ್ದರಿಂದ ನೀರು ತುಂಬಿಸಿ, ಬಳಸುವ ಒತ್ತಡದ 1.5 ಪಟ್ಟು ಒತ್ತಡ ಕೊಟ್ಟು ಪರೀಕ್ಷಿಸಿದ ಟ್ಯಾಂಕೇ ಬೇಕು. ಒತ್ತಡ ಮಿತಿ ಮೀರಿದರೆ ಗಾಳಿಯನ್ನು ಹೊರಬಿಡುವ ಸೇಫ್ಟಿ ವಾಲ್ವ್ ಕೂಡ ಹೊಸದೇ ಆಗಿರಲಿ.