ಟೀ ಕುಡಿದು ಬರುವಷ್ಟರಲ್ಲಿ ನನ್ನ ಟೈರಿಗೆ ಐದು ಪಂಚರ್

ಬೈಕ್ ಇಟ್ಟುಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ಅದರಲ್ಲೂ ಟೈರಲ್ಲಿ ಏನೂ ಚುಚ್ಚಿಲ್ಲ, ಆದರೂ ಎರಡು ದಿನಕ್ಕೋ ಮೂರು ದಿನಕ್ಕೋ ಗಾಳಿ ಇಳೀತಾನೇ ಇದೆ ಅನ್ನೋರು. ನನಗೆ ಒಟ್ಟು 3,730 ರೂಪಾಯಿ ಹೋಯ್ತು. ಕೆಟ್ಟಿದ್ದು 80 ರೂಪಾಯಿ ಸಾಮಾನು. ಬರೆಯೋಕೇ ನಾಚಿಕೆ ಆಗ್ತಿದೆ. ನಾನು ಪೀಣ್ಯದಲ್ಲಿ ಹದಿಮೂರು ವರ್ಷದಿಂದ ಲೇತ್ ಮುಂದೆ ನಿಂತಿರೋನು, ಎಲ್ಲಿ ಸವೆದಿದೆ, ಎಲ್ಲಿ ಸೀಳಿದೆ ಅಂತ ಹುಡುಕೋದೇ ನನ್ನ ಕೆಲಸ. ಅಂಥವನಿಗೇ ಹೀಗೆ ಟೋಪಿ ಹಾಕಿದ್ರು.

ನನ್ನದು 150 ಸಿಸಿ ಬೈಕು, ಟ್ಯೂಬ್‌ಲೆಸ್ ಟೈರು. ದಿನಾ ನೆಲಮಂಗಲದಿಂದ ಪೀಣ್ಯಕ್ಕೆ ಓಡಾಟ. ಹಿಂದಿನ ಟೈರ್ ಹೊಸದು ಹಾಕಿಸಿ ಒಂದು ವರ್ಷ ಆಗಿತ್ತು ಅಷ್ಟೆ. ದೀಪಾವಳಿ ಕಳೆದ ಮೇಲೆ ಶುರುವಾಯ್ತು ಈ ಕಾಟ. ಬಂಕಲ್ಲಿ ಗಾಳಿ 32 ಪಿಎಸ್‌ಐ ಹಾಕಿಸಿದ್ರೆ ಮೂರನೇ ದಿನಕ್ಕೆ 20. ಮತ್ತೆ ಹಾಕಿಸೋದು, ಮತ್ತೆ ಇಳಿಯೋದು. ಮೂರು ವಾರ ಹೀಗೇ ತಳ್ಳಿದೆ.

ಒಂದು ಭಾನುವಾರ ಹೆಂಡತೀನ ಕೂರಿಸ್ಕೊಂಡು ಸಿದ್ಧಗಂಗೆಗೆ ಹೊರಟೆ. ಆ ವಾರ ಗಾಳಿ ಹಾಕಿಸೋದು ಮರೆತಿತ್ತು. ಡಾಬಸ್‌ಪೇಟೆ ದಾಟಿದ ಮೇಲೆ ಹಿಂದಿನ ಚಕ್ರ ಸೋಪಿನ ಮೇಲೆ ಜಾರಿದ ಹಾಗೆ ಆ ಕಡೆ ಈ ಕಡೆ ಆಡೋಕೆ ಶುರು. ಪಕ್ಕದಲ್ಲೇ ಲಾರಿ. ಜೀವ ಬಾಯಿಗೆ ಬಂತು. ನಿಧಾನ ಮಾಡ್ಕೊಂಡು ರಸ್ತೆ ಪಕ್ಕ ಕಂಡ ಒಂದು ಪಂಚರ್ ಅಂಗಡಿ ಮುಂದೆ ನಿಲ್ಲಿಸಿದೆ.

ಇಬ್ಬರು ಹುಡುಗರಿದ್ರು. ದೊಡ್ಡವನು ಬಹಳ ಮರ್ಯಾದೆಯಿಂದ ಮಾತಾಡಿದ. "ಅಕ್ಕನ್ನ ಬಿಸಿಲಲ್ಲಿ ಯಾಕೆ ನಿಲ್ಸ್ತೀರ ಸಾರ್, ಅಲ್ಲಿ ಟೀ ಅಂಗಡಿ ಇದೆ, ಕುಡ್ಕೊಂಡು ಬನ್ನಿ, ಐದು ನಿಮಿಷ." ನನ್ನ ಹೆಂಡತಿ ಮೆಲ್ಲಗೆ "ನೀವು ಇಲ್ಲೇ ಇರಿ, ಟೀ ಬೇಡ" ಅಂದಳು. ನಾನು ಕೇಳಲಿಲ್ಲ. ನಾನು ಕೇಳಲಿಲ್ಲ ಅನ್ನೋದೇ ಈಗಲೂ ಉರಿಯುತ್ತೆ.

ಬಂದು ನೋಡಿದ್ರೆ ಟೈರ್ ಮೇಲೆ ಸೀಮೆಸುಣ್ಣದಲ್ಲಿ ಐದು ಸುತ್ತು. ಅವನು ಸೋಪಿನ ನೀರು ಚಿಮುಕಿಸಿದ. ಐದೂ ಕಡೆ ಬುಳುಬುಳು ನೊರೆ. "ನೋಡಿ ಸಾರ್, ನಾನ್ ಹೇಳ್ತಿಲ್ಲ, ಟೈರೇ ಹೇಳ್ತಿದೆ. ಒಂದಕ್ಕೆ 150." ಮೊಳೆ ಎಲ್ಲಪ್ಪಾ ಅಂದೆ. "ಎಲ್ಲ ಹಳೇದು ಸಾರ್, ಎಲ್ಲೋ ಬಿದ್ದೋಗಿದೆ. ರೋಡ್ ತುಂಬ ಮೊಳೆ, ಗೊತ್ತಲ್ಲ ನಿಮಗೆ." ಗೊತ್ತಿತ್ತು. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಒಬ್ಬ ಎಂಜಿನಿಯರ್ ಅಯಸ್ಕಾಂತದ ಕೋಲು ಹಿಡಿದು ಕೆಜಿಗಟ್ಟಲೆ ಮೊಳೆ ಆರಿಸಿದ್ದು ಪೇಪರಲ್ಲಿ ಓದಿದ್ದೆ. ಅದಕ್ಕೇ ತಟ್ಟಂತ ನಂಬಿದೆ. ಅವನು ತಿರುಪು ಹಲ್ಲಿನ ಸೂಜಿ ಐದು ಕಡೆ ತಿರುಗಿಸಿ ತಿರುಗಿಸಿ ಹಾಕಿ, ಅಂಟಿನಲ್ಲಿ ಅದ್ದಿದ ಕಂದು ಸ್ಟ್ರಿಪ್ ತುರುಕಿ, ಬ್ಲೇಡಲ್ಲಿ ಕತ್ತರಿಸಿದ. 750 ರೂಪಾಯಿ ಸ್ಕ್ಯಾನ್ ಮಾಡಿ ಕೊಟ್ಟೆ. ಹೋಗೋವಾಗ ಥ್ಯಾಂಕ್ಸ್ ಬೇರೆ ಹೇಳಿದೆ ಅವನಿಗೆ.

ಬುಧವಾರ ಬೆಳಿಗ್ಗೆ ನೋಡ್ತೀನಿ, 20.

ಮುಂದಿನ ಭಾನುವಾರ ಪೆಟ್ರೋಲ್ ಸುಟ್ಕೊಂಡು ಅಲ್ಲೇ ಹೋದೆ. ಸ್ಟ್ರಿಪ್ ಹಾಕಿದ ಕಡೆ ಸೋಪಿನ ನೀರು ಬಿಟ್ಟ, ನೊರೆ ಬರಲಿಲ್ಲ. "ನಮ್ದು ಒಂದೂ ಲೀಕ್ ಇಲ್ಲ ಸಾರ್, ನೀವೇ ನೋಡಿದ್ರಲ್ಲ." ಹಾಗಾದ್ರೆ ಗಾಳಿ ಎಲ್ಲಿ ಹೋಗ್ತಿದೆ? ಅದಕ್ಕೆ ಅವನು ಹೇಳಿದ ಮಾತು ಹಾಗೇ ಬರೀತೀನಿ: "ರಬ್ಬರ್ ಉಸಿರಾಡ್ತಿದೆ ಸಾರ್. ಜೆಲ್ ಹಾಕ್ಸಿಬಿಡಿ." ತೂತು ಮುಚ್ಚೋಕೆ ಟೈರ್ ಒಳಗೆ ಬಿಡೋ ಲೋಳೆ ಅದು. ಹಾಕಿಸಿದೆ. 350. ಒಂದು ವರ್ಷದ ಟೈರು ಉಸಿರಾಡುತ್ತಾ ಅಂತ ಒಂದು ಮಾತು ಕೇಳೋ ಬುದ್ಧಿ ಬರಲಿಲ್ಲ ನನಗೆ.

ಜೆಲ್ ಹಾಕಿದ ಮೂರನೇ ದಿನ, ಮತ್ತೆ 20.

ಕೊನೆಗೆ ನಮ್ಮ ಮನೆ ಹತ್ತಿರ ಒಬ್ಬರು ವಯಸ್ಸಾದವರು ಪಂಚರ್ ಹಾಕ್ತಾರೆ, ತಗಡಿನ ಶೀಟಿನ ಅಂಗಡಿ, ಅವರ ಹತ್ತಿರ ತಳ್ಳಿಕೊಂಡು ಹೋದೆ. ಅವರು ಟೈರ್ ಮುಟ್ಟಲೇ ಇಲ್ಲ. ಮೊದಲು ಗಾಳಿ ತುಂಬಿಸೋ ವಾಲ್ವಿನ ಕ್ಯಾಪ್ ಬಿಚ್ಚಿ ಪಿನ್ ಮೇಲೆ ಒಂದು ಹನಿ ನೀರಿಟ್ಟರು. ಏನೂ ಇಲ್ಲ. ಆಮೇಲೆ ವಾಲ್ವಿನ ಬುಡಕ್ಕೆ ನೀರು ಬಿಟ್ಟು ಹೆಬ್ಬೆರಳಲ್ಲಿ ಅದನ್ನ ಪಕ್ಕಕ್ಕೆ ಬಾಗಿಸಿದರು. ಬಿಟ್ಟರೆ ಸುಮ್ಮನೆ, ಬಾಗಿಸಿದರೆ ಸಣ್ಣ ಸಣ್ಣ ಗುಳ್ಳೆ. ಬಿಟ್ಟರೆ ಸುಮ್ಮನೆ, ಬಾಗಿಸಿದರೆ ಗುಳ್ಳೆ. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ನಾಲ್ಕು ಸಲ ನೋಡಿದೆ. ರಬ್ಬರಿನ ಬುಡ ಉಗುರಿನಷ್ಟು ಸೀಳಿತ್ತು.

"ಟೈರ್ ಹೊಸದು ಹಾಕ್ಸಿದಾಗ ವಾಲ್ವ್ ಬದಲಾಯಿಸ್ಲಿಲ್ವಾ?" ಅಂದರು. ಇಲ್ಲ. ಬೈಕ್ ತಗೊಂಡಾಗಿನದ್ದೇ, ಆರು ವರ್ಷದ್ದು. ಜೆಲ್ ಹಾಕಿದ್ರೂ ಯಾಕೆ ನಿಲ್ಲಲಿಲ್ಲ ಅಂದ್ರೆ, ಚಕ್ರ ತಿರುಗಿದಾಗ ಜೆಲ್ ಎಲ್ಲ ನೆಲ ಮುಟ್ಟೋ ಕಡೆಗೆ ಚಿಮ್ಮಿ ಅಲ್ಲೇ ಅಂಟುತ್ತೆ, ರಿಮ್ ಕಡೆ ಇರೋ ವಾಲ್ವಿಗೆ ಅದರಿಂದ ಉಪಯೋಗ ಇಲ್ಲ ಅಂದರು.

ಟೈರ್ ಬಿಚ್ಚಿ ಒಳಗೆ ತೋರಿಸಿದಾಗ ನನಗೆ ಮಾತೇ ಹೊರಡಲಿಲ್ಲ. ಹಸಿರು ಲೋಳೆ ಒರೆಸಿದ್ರೆ, ಐದೂ ಸ್ಟ್ರಿಪ್ ಒಂದೇ ಗೇಣಿನೊಳಗೆ, ಐದೂ ಸಾಲಾಗಿ ಟೈರಿನ ಕಾಲುವೆ ಒಳಗೇ, ಅಂದ್ರೆ ರಬ್ಬರ್ ತೆಳ್ಳಗಿರೋ ಕಡೆ. ರಸ್ತೆ ಮೊಳೆ ಹೀಗೆ ಜಾಗ ಹುಡುಕಿಕೊಂಡು ಚುಚ್ಚುತ್ತಾ? ಅವರೇ ಇನ್ನೊಂದು ಮಾತು ಕೇಳಿದರು: "ಐದು ತೂತಿರೋ ಟೈರು ಮೂರು ದಿನ ಗಾಳಿ ಹಿಡಿದಿಟ್ಟುಕೊಳ್ಳುತ್ತಾ ಸ್ವಾಮಿ? ಒಂದು ಗಂಟೆ ನಿಲ್ಲಲ್ಲ." ಇದು ನನಗೆ ಹೊಳೀಲಿಲ್ಲ! ಮೂರು ವಾರ ನಾನೇ ಅಳತೆ ನೋಡ್ತಿದ್ದೆ, 32ರಿಂದ 20ಕ್ಕೆ ಮೂರು ದಿನ. ಲೆಕ್ಕ ಕೈಯಲ್ಲೇ ಇತ್ತು. ಅವತ್ತು ಟೀ ಕುಡಿಯೋಕೆ ಹೋಗೋವಾಗ ನನ್ನ ಟೈರಲ್ಲಿ ಒಂದು ತೂತೂ ಇರಲಿಲ್ಲ.

ವಾಲ್ವ್ 80, ಬಿಚ್ಚಿ ಹಾಕಿದ ಕೂಲಿ 100. "ಒಂದೇ ಕಡೆ ಐದು ಸ್ಟ್ರಿಪ್ ಇರೋ ಟೈರಲ್ಲಿ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಹೈವೇಗೆ ಹೋಗಬೇಡಿ" ಅಂದರು. ಸಂಬಳ ಆದ ಮೇಲೆ ಹೊಸ ಟೈರ್, 2,450.

ಸುಮ್ಮನಿರೋಕಾಗಲಿಲ್ಲ, ಕಿತ್ತ ವಾಲ್ವ್ ಮತ್ತು ಟೈರಿನ ಫೋಟೊ ಹಿಡ್ಕೊಂಡು ಆ ಹೈವೇ ಅಂಗಡಿಗೆ ಹೋದೆ. ಮೊದಲು "ಯಾವ ಅಂಗಡೀಲಿ ಹಾಕ್ಸಿದ್ರೋ ಏನೋ" ಅಂದ. ದುಡ್ಡು ಕಳಿಸಿದ್ದು ಫೋನಲ್ಲಿ ತೋರಿಸಿದೆ. ಅದರಲ್ಲಿರೋ ಹೆಸರು ತನ್ನದಲ್ಲ ಅಂದ. "ಬಿಲ್ ಇದೆಯಾ?" ಪಂಚರಿಗೆ ಯಾರು ಬಿಲ್ ಕೊಡ್ತಾರೆ, ಯಾರು ಕೇಳ್ತಾರೆ? ನಾನು ಜೋರು ಮಾಡಿದಾಗ ನಗ್ತಾ ಹೇಳಿದ: "ಟೀ ಕುಡಿಯಕ್ಕೆ ಹೋಗಿದ್ದು ನೀವಲ್ವಾ ಸಾರ್? ನಿಂತ್ಕೊಂಡು ನೋಡ್ಬೇಕಿತ್ತು." ಟೀ ಕುಡ್ಕೊಂಡು ಬನ್ನಿ ಅಂತ ಕಳಿಸಿದವನೇ ಹೇಳಿದ ಮಾತು ಇದು. ಎರಡು ದಿನ ನಿದ್ದೆ ಹತ್ತಲಿಲ್ಲ. ಲಾರಿ ಪಕ್ಕ ಚಕ್ರ ಆಡಿದ್ದೇ ಕಣ್ಣ ಮುಂದೆ ಬರ್ತಿತ್ತು. ಅದೇ ಸೀಳಿದ ವಾಲ್ವಲ್ಲಿ, ಜೊತೆಗೆ ಐದು ತೂತು ಮಾಡಿ, ನಮ್ಮಿಬ್ಬರನ್ನೂ ಮತ್ತೆ ಹೈವೇಗೆ ಕಳಿಸಿದ್ನಲ್ಲ ಅವನು.

ಎಲ್ಲ ಪಂಚರ್ ಅಂಗಡಿಯೋರೂ ಹೀಗಲ್ಲ, ಆ ಹಿರಿಯರು ನನ್ನ ಕಣ್ಣು ತೆರೆಸಿದರು. ಆದರೆ ನೀವು ಬೈಕ್ ಬಿಟ್ಟು ಒಂದು ಹೆಜ್ಜೆ ಕದಲಬೇಡಿ. ಟೀ ಬೇಡ, ನೆರಳು ಬೇಡ. ಸೂಜಿ ಹಾಕೋ ಮೊದಲು ನೊರೆ ತೋರಿಸು, ಮೊಳೆ ತೋರಿಸು ಅನ್ನಿ. ಗಾಳಿ ನಿಧಾನವಾಗಿ ಇಳೀತಿದ್ರೆ ಮನೇಲೇ ಸೋಪಿನ ನೀರಲ್ಲಿ ಮೊದಲು ವಾಲ್ವ್ ನೋಡಿ, ಬಾಗಿಸಿ ನೋಡಿ. ರಿಮ್ ಅಂಚೂ ನೋಡಿ, ತುಕ್ಕು ಕೂತಿದ್ರೆ ಅಲ್ಲೂ ಇಳಿಯುತ್ತೆ. ಹೊಸ ಟೈರ್ ಹಾಕಿಸೋವಾಗ ವಾಲ್ವ್ ಹೊಸದು ಹಾಕು ಅಂತ ನೀವೇ ಬಾಯಿಬಿಟ್ಟು ಕೇಳಿ, ಅವರಾಗಿ ಹೇಳಲ್ಲ.

ಹೊಸ ಟೈರ್ ಹಾಕಿಸಿ ಇವತ್ತಿಗೆ 19 ದಿನ. ಅವತ್ತು 32 ಹಾಕಿಸಿದ್ದೆ. ಬೆಳಿಗ್ಗೆ ಬಂಕಲ್ಲಿ ನೋಡಿದೆ, 31 ಇದೆ.