ಗೋವಾದಲ್ಲಿ ಹಳೆಯ ಹಾಯಿದೋಣಿ ಕೊಳ್ಳುವ ಮುನ್ನ: ದಲ್ಲಾಳಿಯ ಲೆಕ್ಕವನ್ನು ನಂಬಬೇಡಿ

ಕಳೆದ ಬೇಸಿಗೆಯಲ್ಲಿ, ವಾಸ್ಕೋದಲ್ಲಿರುವ ನನ್ನ ಭಾವ ಮತ್ತು ನಾನು ಸೇರಿ, ಜುವಾರಿ ನದಿಯಲ್ಲಿ ಲಂಗರು ಹಾಕಿದ್ದ 26 ಅಡಿಯ ಫೈಬರ್ ಹಾಯಿದೋಣಿಯೊಂದನ್ನು ಕೊಳ್ಳಲು ಮಾತುಕತೆ ನಡೆಸಿದೆವು. ದಲ್ಲಾಳಿ ಹೇಳಿದ ಬೆಲೆ 16 ಲಕ್ಷ ರೂಪಾಯಿ. ತಪಾಸಣೆ ಮುಗಿದ ಮೇಲೆ ಆ ದೋಣಿಗೆ 6 ಲಕ್ಷಕ್ಕಿಂತ ಹೆಚ್ಚು ಕೊಡುವುದು ನ್ಯಾಯವಲ್ಲ ಎಂಬುದು ಸ್ಪಷ್ಟವಾಯಿತು. ನಾವು ಕೊಟ್ಟ ಮುಂಗಡದ ಅರ್ಧ ಭಾಗ ಇಂದಿಗೂ ಹಿಂದಿರುಗಿಲ್ಲ. ಅದೇ ವ್ಯಕ್ತಿ ಈಗ ಮುಂಬಯಿ ಮತ್ತು ಪುಣೆಯ ಕನ್ನಡಿಗರನ್ನು ಸಂಪರ್ಕಿಸುತ್ತಿದ್ದಾರೆಂದು ತಿಳಿದುದರಿಂದ, ನಡೆದದ್ದನ್ನು ಎಲ್ಲರ ಗಮನಕ್ಕೆ ತರುತ್ತಿದ್ದೇನೆ.

ಆತ ಮೊದಲ ಭೇಟಿಯಲ್ಲೇ, "ನಾನೂ ಕಾರವಾರದ ಕಡೆಯವನೇ ಸರ್, ನಮ್ಮವರಿಗೆ ಮೋಸ ಮಾಡುತ್ತೇನೆಯೇ?" ಎಂದು ಹೇಳಿ, ಬೆಲೆಯ ವಿವರವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಯುರೋಪಿನಲ್ಲಿ ಇದೇ ಮಾದರಿಯ ದೋಣಿಗೆ ಜಾಹೀರಾತಿನಲ್ಲಿ ಕೇಳುತ್ತಿರುವ ಬೆಲೆ 6 ಲಕ್ಷ, ಸಾಗಣೆ ಮತ್ತು ಆಮದು ತೆರಿಗೆ 7 ಲಕ್ಷ, ಹೊಸ ಹಾಯಿ ಹಾಗೂ ಹೊಸ ಉಪಕರಣಗಳಿಗೆ ಮಾಲೀಕರು ಮಾಡಿದ ಖರ್ಚು 3 ಲಕ್ಷ. ಮೇಲುನೋಟಕ್ಕೆ ಇದು ಅಚ್ಚುಕಟ್ಟಾದ ಲೆಕ್ಕ. ಆದರೆ ಇದರ ಮೂರೂ ಸಾಲುಗಳು ಕೊಳ್ಳುವವರ ದಾರಿ ತಪ್ಪಿಸುವಂಥವು.

ಜಾಹೀರಾತಿನ ಬೆಲೆ ಮಾರುವವರ ಆಸೆಯನ್ನಷ್ಟೇ ತೋರಿಸುತ್ತದೆ. ದೋಣಿ ಕೊನೆಗೆ ಎಷ್ಟಕ್ಕೆ ಕೈ ಬದಲಾಯಿಸಿತು ಎಂಬುದು ಅದರಲ್ಲಿ ಕಾಣುವುದಿಲ್ಲ. ಹಾಯಿ ಮತ್ತು ಉಪಕರಣಗಳಿಗೆ ಸುರಿದ ಹಣ ಪೂರ್ತಿಯಾಗಿ ಮರುಮಾರಾಟದ ಬೆಲೆಗೆ ಸೇರುವುದೂ ಇಲ್ಲ, ಏಕೆಂದರೆ ಕೆಲಸಕ್ಕೆ ಬರುವ ಹಾಯಿ ಇರಬೇಕೆಂಬುದು ಯಾವುದೇ ದೋಣಿಯ ಬಗ್ಗೆ ಕೊಳ್ಳುವವರ ಮೊದಲ ನಿರೀಕ್ಷೆ. ತೆರಿಗೆಯ ಮಾತನ್ನು ಮುಂದೆ ಹೇಳುತ್ತೇನೆ, ಅದು ಎಲ್ಲಕ್ಕಿಂತ ಗಂಭೀರವಾದದ್ದು.

ದಲ್ಲಾಳಿ ನಮಗೆ ಹಿಂದಿನ ಒಂದು ಸರ್ವೆ (ದೋಣಿಯ ಸ್ಥಿತಿಯ ತಪಾಸಣೆ) ವರದಿಯನ್ನೂ ತೋರಿಸಿದ್ದರು. ಅದು ವಿಮೆಗಾಗಿ ಮಾಡಿಸಿದ್ದು, ದೋಣಿ ನೀರಿನಲ್ಲಿದ್ದಾಗಲೇ ಬರೆದದ್ದು. ಭಾವನವರು ಅದನ್ನು ಒಪ್ಪದೆ, ದೋಣಿಯನ್ನು ದಡಕ್ಕೆ ಎತ್ತಿಸಿ, ನಾವೇ ಹಣ ಕೊಟ್ಟು ನೇಮಿಸಿದ ಹಿರಿಯ ಸರ್ವೇಯರರೊಬ್ಬರಿಂದ ತಪಾಸಣೆ ಮಾಡಿಸಬೇಕೆಂದು ಪಟ್ಟು ಹಿಡಿದರು. ಆ ಹಿರಿಯರು ತಂದಿದ್ದ ಮುಖ್ಯ ಸಾಧನವೆಂದರೆ ಒಂದು ಸಣ್ಣ ಪ್ಲಾಸ್ಟಿಕ್ ಸುತ್ತಿಗೆ. ಡೆಕ್ಕಿನ, ಅಂದರೆ ದೋಣಿಯ ಮೇಲ್ಹಾಸಿನ, ಮೇಲೆ ಮೊಣಕಾಲೂರಿ, ಗೇಣಿಗೊಂದು ಪೆಟ್ಟಿನಂತೆ ತಟ್ಟುತ್ತಾ ಮುಂದೆ ಸರಿದರು. ಮುಂಭಾಗದಲ್ಲೆಲ್ಲ ಗಟ್ಟಿಯಾಗಿ ಟಕ್ ಟಕ್ ಎನ್ನುತ್ತಿದ್ದ ಶಬ್ದ, ಹಾಯಿ ಕಟ್ಟುವ ಕಂಬವಾದ ಕೂವೆಯ ಬುಡಕ್ಕೆ ಬರುತ್ತಿದ್ದಂತೆ ಮಂದವಾಗಿ, ಒದ್ದೆ ಹಲಗೆಯನ್ನು ಬಡಿದಂತೆ ಕೇಳಿಸತೊಡಗಿತು. ಕೂವೆಯನ್ನು ಎಳೆದು ಹಿಡಿಯುವ ತಂತಿಗಳನ್ನು ಬಿಗಿದಿರುವ, ಡೆಕ್ಕನ್ನು ತೂರಿಕೊಂಡು ಕೆಳಗಿಳಿಯುವ ಲೋಹದ ಪಟ್ಟಿಗಳಾದ ಚೈನ್‌ಪ್ಲೇಟುಗಳ ಸುತ್ತಲೂ ಅದೇ ಶಬ್ದ. ದಲ್ಲಾಳಿಯ ಒಪ್ಪಿಗೆ ಪಡೆದು ಅಲ್ಲಿದ್ದ ಒಂದು ಸ್ಕ್ರೂ ಬಿಚ್ಚಿದಾಗ, ಅದರ ಎಳೆಗಳಲ್ಲಿ ಕಾಫಿ ಚರಟದ ಬಣ್ಣದ ಒದ್ದೆ ಮರದ ಪುಡಿ ಅಂಟಿಕೊಂಡು ಬಂತು.

ಇದರ ಕಾರಣವನ್ನು ಅವರೇ ವಿವರಿಸಿದರು. ಇಂಥ ದೋಣಿಗಳ ಡೆಕ್ಕು ಎರಡು ಪದರ ಫೈಬರ್ ಗ್ಲಾಸಿನ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು ಮಾಡಿದ್ದು. ಚೈನ್‌ಪ್ಲೇಟಿನ ಸಂದಿಯಲ್ಲಿ ತುಂಬಿದ ಅಂಟು ಬಿರುಕುಬಿಟ್ಟರೆ ನೀರು ಒಳಗಿಳಿದು ಹೊರಬರಲು ದಾರಿಯಿಲ್ಲದೆ ನಿಲ್ಲುತ್ತದೆ, ಹೊದಿಕೆಯಿಲ್ಲದೆ ಕೊಂಕಣ ಕರಾವಳಿಯ ಮಳೆಗಾಲಗಳನ್ನು ಕಳೆದ ದೋಣಿಯಲ್ಲಂತೂ ಮರ ಕೊಳೆತುಹೋಗುತ್ತದೆ. ಮೇಲಿನ ಬಣ್ಣ ಮಾತ್ರ ಹೊಳೆಯುತ್ತಲೇ ಇರುತ್ತದೆ. ದೋಣಿಯ ಅಡಿಭಾಗದಲ್ಲಿ ನೀರುಗುಳ್ಳೆಗಳೂ ಇದ್ದವು, ಆದರೆ ಹಳೆಯ ಫೈಬರ್ ದೋಣಿಗಳಲ್ಲಿ ಅವು ಸಾಮಾನ್ಯವೆಂದೂ ಡೆಕ್ಕಿನ ಕೊಳೆತವೇ ಖರ್ಚಿನ ಬಾಬತ್ತೆಂದೂ ಅವರು ಹೇಳಿದರು.

ಎಂಜಿನ್ನಿನ ವಿಷಯದಲ್ಲಿ ನಡೆದದ್ದು ನನಗೆ ಇನ್ನೂ ಬೇಸರ ತರುತ್ತದೆ. ನೀರಿನಲ್ಲಿ ಓಡಿಸಿ ನೋಡುವ ದಿನ ನಾವು ಹೇಳಿದ ಹೊತ್ತಿಗೇ ತಲುಪಿದ್ದರೂ, ಮುಚ್ಚಳ ತೆಗೆದು ಮುಟ್ಟಿದಾಗ ಎಂಜಿನ್ ಆಗಲೇ ಬಿಸಿಯಾಗಿತ್ತು. ಡೀಸೆಲ್ ಎಂಜಿನ್ನಿನ ನಿಜಸ್ಥಿತಿ ತಿಳಿಯುವುದು ಅದು ತಣ್ಣಗಿದ್ದಾಗ ಚಾಲೂ ಮಾಡಿದರೆ ಮಾತ್ರ. ಸರ್ವೇಯರರು ಸಂಜೆಯವರೆಗೆ ಕಾದು, ಅದು ತಣಿದ ಮೇಲೆ ಚಾಲೂ ಮಾಡಿಸಿದಾಗ ಬಹಳ ಹೊತ್ತು ಒದ್ದಾಡಿ, ನೀಲಿ ಹೊಗೆ ಉಗುಳುತ್ತಾ ಚಾಲೂ ಆಯಿತು. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಕೂವೆಯ ಸ್ಟೇನ್‌ಲೆಸ್ ತಂತಿಗಳನ್ನು ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಇಲ್ಲಿ ಬದಲಿಸಿದ್ದಕ್ಕೆ ಯಾವ ರಸೀದಿಯೂ ಇರಲಿಲ್ಲ.

ನಂತರ ನಾವು ಲೆಕ್ಕವನ್ನು ಇನ್ನೊಂದು ತುದಿಯಿಂದ ಹಾಕಿದೆವು. ದೋಣಿ ದುರಸ್ತಿ ಮಾಡುವವರನ್ನು ವಿಚಾರಿಸಿದಾಗ, ಇದೇ ಅಳತೆಯ, ಸುಸ್ಥಿತಿಯಲ್ಲಿರುವ, ಕಾಗದಪತ್ರ ಸರಿಯಿದ್ದ ದೋಣಿಗಳು ಈಚೆಗೆ 9ರಿಂದ 10 ಲಕ್ಷಕ್ಕೆ ಮಾರಾಟವಾದದ್ದು ತಿಳಿಯಿತು. ಅದರ ನಡುಬೆಲೆಯಾದ ಒಂಬತ್ತೂವರೆ ಲಕ್ಷದಲ್ಲಿ ಡೆಕ್ಕಿನ ದುರಸ್ತಿಗೆ ಎರಡೂಕಾಲು, ತಂತಿಗಳಿಗೆ ಒಂದೂವರೆ, ಎಂಜಿನ್ನಿಗೆ ಮುಕ್ಕಾಲು ಲಕ್ಷ ಕಳೆದರೆ ಉಳಿಯುವುದು 5 ಲಕ್ಷ. ಹಾಯಿಗಳು ನಿಜವಾಗಿಯೂ ಹೊಸವಾಗಿದ್ದುದರಿಂದ ಒಂದು ಲಕ್ಷ ಸೇರಿಸಬಹುದು. ದುರಸ್ತಿಯ ಈ ಮೊತ್ತಗಳನ್ನು ಅಂದಾಜಿನಿಂದ ಹಾಕದೆ, ಕೆಲಸ ಮಾಡುವವರಿಂದಲೇ ಬರೆಸಿಕೊಳ್ಳಬೇಕು.

ಆ 6 ಲಕ್ಷವಾದರೂ ಕಾಗದಪತ್ರ ಸರಿಯಿದ್ದರೆ ಮಾತ್ರ. ಬೆಲೆಯಲ್ಲಿ ಆಮದು ತೆರಿಗೆಯನ್ನು ಸೇರಿಸಿದ್ದ ದಲ್ಲಾಳಿ, ಅದನ್ನು ಕಟ್ಟಿದ್ದಕ್ಕೆ ಆಧಾರವಾದ ಬಿಲ್ ಆಫ್ ಎಂಟ್ರಿಯನ್ನು ಕೊನೆಯವರೆಗೂ ತೋರಿಸಲಿಲ್ಲ. ವಿದೇಶಿ ಧ್ವಜದಡಿ ಪ್ರವಾಸಕ್ಕೆ ಬಂದ ದೋಣಿಯನ್ನು ತೆರಿಗೆ ಕಟ್ಟದೆ ಇಲ್ಲಿ ಮಾರುವಂತಿಲ್ಲ, ಅಂಥ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಲು 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಅವಕಾಶವಿದೆ. 2025ರ ಸೆಪ್ಟೆಂಬರ್ 22ರಿಂದ ವಿಹಾರ ನೌಕೆಗಳ ಮೇಲಿನ ಜಿಎಸ್‌ಟಿ ಶೇಕಡ 40ಕ್ಕೆ ಏರಿರುವುದರಿಂದ, ಕಟ್ಟದೆ ಉಳಿದ ತೆರಿಗೆಯ ಹೊರೆ ಸಣ್ಣದಾಗಿರುವುದಿಲ್ಲ. ಆದ್ದರಿಂದ ದೋಣಿಯನ್ನು ನೋಡಲು ಹೋಗುವ ಮೊದಲೇ ಬಿಲ್ ಆಫ್ ಎಂಟ್ರಿ, ನೋಂದಣಿ ಪತ್ರ ಮತ್ತು ಹಿಂದಿನ ಮಾರಾಟದ ಕರಾರುಗಳ ಪ್ರತಿಗಳನ್ನು ಕೇಳಿ ಪಡೆಯಿರಿ, ಗೋವಾದಲ್ಲಾದರೆ ನೋಂದಣಿಯನ್ನು ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ಪರಿಶೀಲಿಸಿ.

ಮುಂಗಡದ ರಸೀದಿಯಲ್ಲಿ "ಸರ್ವೆ ತೃಪ್ತಿಕರವಾಗಿದ್ದಲ್ಲಿ" ಎಂದು ದಲ್ಲಾಳಿ ಬರೆದಿದ್ದರು. ನಾವು ಹಣ ವಾಪಸು ಕೇಳಿದಾಗ, ವಿಮೆಯ ಹಳೆಯ ಸರ್ವೆ ತೃಪ್ತಿಕರವಾಗಿಯೇ ಇದೆಯಲ್ಲ ಎಂದು ವಾದಿಸಿ, ಒಂದು ಲಕ್ಷದಲ್ಲಿ ಐವತ್ತು ಸಾವಿರ ಮಾತ್ರ ಕೊಟ್ಟರು. ಕೊಳ್ಳುವವರು ನೇಮಿಸಿದ ಸರ್ವೇಯರರ ವರದಿ, ದೋಣಿಯನ್ನು ನೀರಿನಿಂದ ಎತ್ತಿ ಮಾಡಿದ ತಪಾಸಣೆ, ಕೊಳ್ಳುವವರ ತೃಪ್ತಿ, ಇಷ್ಟು ದಿನದೊಳಗೆ ಪೂರ್ತಿ ಹಣ ವಾಪಸು ಎಂಬ ಮಾತುಗಳು ರಸೀದಿಯಲ್ಲಿ ಸ್ಪಷ್ಟವಾಗಿರಲಿ. ಬಿಳಿ ಒಡಲಿಗೆ ನೀಲಿ ಪಟ್ಟೆಯಿರುವ ಆ ದೋಣಿ ಈಗಲೂ ಮಾರಾಟಕ್ಕಿದೆ. ಡೆಕ್ಕಿಗೆ ಹೊಸದಾಗಿ ಬಣ್ಣ ಬಳಿದು, ಬೆಲೆಯನ್ನು 13 ಲಕ್ಷಕ್ಕೆ ಇಳಿಸಿದ್ದೇವೆಂದು ಹೇಳುತ್ತಿದ್ದಾರಂತೆ.